ದಿಮ್ಮಿ ಹೊರುವುದೇಕೆ, ಹಲಗೆ ಹೊತ್ತರೆ ಸಾಲದೆ?

ಗಾಳಿಗೆ ಬಿದ್ದ ಹಲಸಿನ ಮರ ತೋಟದ ಕೆಳಮೂಲೆಯಲ್ಲಿದ್ದರೆ ಮಿಲ್ಲಿಗೆ ಮುಟ್ಟಿಸುವುದೇ ದೊಡ್ಡ ರಗಳೆ. ಲಾರಿ ಇಳಿಯುವುದಿಲ್ಲ, ಹೊರಲು ಜನ ಸಿಗುವುದಿಲ್ಲ. ಕೊನೆಗೆ ಒಳ್ಳೆ ನಾಟಾ ಒಲೆಗೆ ಹೋಗುತ್ತದೆ. ಇದಕ್ಕೊಂದು ದಾರಿ ಚೈನ್‌ಸಾಗೆ ಕಟ್ಟುವ ಕೊಯ್ಯುವ ಚೌಕಟ್ಟು. ಪೇಟೆಯಲ್ಲಿ ಇದಕ್ಕೆ 'ಅಲಾಸ್ಕನ್ ಮಿಲ್' ಎನ್ನುತ್ತಾರೆ. ಗರಗಸದ ಬಾರಿಗೆ ಬಿಗಿದು, ಬೇಕಾದ ದಪ್ಪಕ್ಕೆ ಹೊಂದಿಸಿ, ದಿಮ್ಮಿಯ ಮೇಲೆ ತಳ್ಳಿಕೊಂಡು ಹೋಗುವುದು, ಅಷ್ಟೆ.

ನಾನು ಕಂಡಂತೆ ಚೌಕಟ್ಟು ಸಾದಾ ಇದ್ದರೆ ಸಾಕು, ನೋಡಬೇಕಾದ್ದು ಇಂಜಿನನ್ನು. ಉದ್ದ ಕೊಯ್ತ ಅಡ್ಡ ಕೊಯ್ತದ ಹಾಗಲ್ಲ, ಇಂಜಿನ್ ನಿಮಿಷಗಟ್ಟಲೆ ಪೂರ್ತಿ ಭಾರದಲ್ಲಿ ಓಡಬೇಕು. 50 ಸಿಸಿಯದ್ದು ಒಂದಡಿ ಅಗಲದೊಳಗಿನ ದಿಮ್ಮಿಗಾದೀತು. ಅದಕ್ಕಿಂತ ಅಗಲಕ್ಕೆ 70 ಸಿಸಿಗೆ ಕಮ್ಮಿ ಬೇಡ. ಚೌಕಟ್ಟು ಬಿಗಿಯಲು ಬಾರಿನಲ್ಲಿ ನಾಲ್ಕಾರು ಇಂಚು ಹೋಗುವುದರಿಂದ 24 ಇಂಚಿನ ಬಾರಿಗೆ 18 ಇಂಚು ಕೊಯ್ತವೆಂದು ಹಿಡಿಯಿರಿ. ಬಾರಿನ ಮೂತಿಯ ಚಕ್ರದ ಮೇಲೆ ಮಾತ್ರ ಬಿಗಿಯಬೇಡಿ.

ಚೈನೂ ಬೇರೆಯೇ. ಸಾಮಾನ್ಯ ಚೈನಿನ ಹಲ್ಲು 30 ಡಿಗ್ರಿ ಓರೆ, ಉದ್ದ ಕೊಯ್ಯುವುದಕ್ಕೆ 10 ಡಿಗ್ರಿ ಒಳ್ಳೆಯದು. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಫೈಲ್ ಹಿಡಿಯಿರಿ. ಹಿಟ್ಟಿನಂಥ ಹುಡಿ ಬಂದರೆ ಹಲ್ಲು ಮೊಂಡಾಯಿತು ಅಂತ ಲೆಕ್ಕ.

ಮೊದಲ ಕೊಯ್ತ

ಎಲ್ಲ ಹಲಗೆಯೂ ಇದರ ಮೇಲೇ ನಿಂತಿದೆ. ದಿಮ್ಮಿಯ ಮೇಲ್ಮೈ ಉರುಟು, ಚೌಕಟ್ಟು ಕೂರುವುದಿಲ್ಲ. ಅಲ್ಯೂಮಿನಿಯಂ ಏಣಿಯೊಂದನ್ನು ಅಲುಗದಂತೆ ಮೇಲೆ ಕಟ್ಟಿ ಅದರ ಮೇಲೆ ಓಡಿಸಿ. ಸ್ಕ್ರೂ ಹಾಕುವುದಿದ್ದರೆ ಅದರ ತುದಿ ಚೈನಿನ ದಾರಿಗೆ ಇಳಿಯಬಾರದು. ಎರಡನೆಯದರಿಂದ ಕೊಯ್ದ ಮುಖವೇ ದಾರಿ. ದಿಮ್ಮಿಯನ್ನು ತುಸು ಇಳಿಜಾರಾಗಿಟ್ಟರೆ ತಳ್ಳುವ ಶ್ರಮ ಕಮ್ಮಿ. ಸೀಳು ಮುಚ್ಚದ ಹಾಗೆ ಹಿಂದಿನಿಂದ ಮರದ ಬೆಣೆ ಕೊಡುತ್ತಾ ಹೋಗಿ. ಬೇಲಿಯಂಚಿನ ಮರವಾದರೆ ಹಳೆ ತಂತಿ, ಮೊಳೆ ಮೊದಲೇ ಹುಡುಕಿ.

ನಷ್ಟದ ಲೆಕ್ಕ

ಒಂದು ಕೊಯ್ತಕ್ಕೆ ಸುಮಾರು 9 ಮಿ.ಮೀ. ಮರ ಹುಡಿಯಾಗುತ್ತದೆ. ಒಂದಿಂಚಿನ ಹಲಗೆ ತೆಗೆದರೆ ಕಾಲುಭಾಗಕ್ಕೂ ಹೆಚ್ಚು ನಷ್ಟ. ಎರಡಿಂಚಿನದಕ್ಕೆ ಏಳರಲ್ಲೊಂದು ಪಾಲು. ಹಾಗಾಗಿ ಇದು ದಪ್ಪ ಹಲಗೆಗೇ ಸರಿ. ತೆಳು ಹಲಗೆ ಬೇಕಾದರೆ ಮಿಲ್ಲೇ ವಾಸಿ.

ಕೊಯ್ದ ದಿನವೇ ಹಲಗೆಯ ಎರಡೂ ತುದಿಗೆ ಪೈಂಟ್ ಬಳಿದು, ನಡುವೆ ಒಂದಿಂಚಿನ ರೀಪು ಕೊಟ್ಟು ನೆರಳಲ್ಲಿ ಅಟ್ಟಿ ಹಾಕಿ. ಇಂಚು ದಪ್ಪಕ್ಕೆ ವರ್ಷವೊಂದು ಒಣಗಬೇಕೆಂಬುದು ವಾಡಿಕೆ. ಕೊಯ್ಯುವಾಗ ಕಣ್ಣಿಗೆ, ಕಿವಿಗೆ, ಮೂಗಿಗೆ ರಕ್ಷೆ ಬೇಕೇ ಬೇಕು.

ಇನ್ನೊಂದು ಮಾತು. ನಮ್ಮ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯಲು, ಕೊಯ್ಯಲು, ಸಾಗಿಸಲು ಏನು ಅನುಮತಿ ಬೇಕೆಂದು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ವರ್ಷಕ್ಕೊಂದು ಮರವಿರುವವರು ಒಬ್ಬೊಬ್ಬರೇ ದೊಡ್ಡ ಗರಗಸಕ್ಕೆ ದುಡ್ಡು ಹಾಕುವುದು ದಂಡ. ನಾಲ್ಕು ಮನೆಯವರು ಸೇರಿ ಒಂದು ಸೆಟ್ ಇಟ್ಟುಕೊಳ್ಳಿ, ನುರಿತ ಒಬ್ಬರ ಕೈಯಲ್ಲೇ ಓಡಿಸಿ.