ನೀಲಿ ರಕ್ತದ ಏಡಿ, ನಮ್ಮ ಇಂಜೆಕ್ಷನ್

ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲೂರಿನ ಪ್ರಯೋಗಾಲಯದಲ್ಲಿ ವಿಜ್ಞಾನಿ ಫ್ರೆಡರಿಕ್ ಬ್ಯಾಂಗ್ ಕುದುರೆಲಾಳ ಏಡಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡುತ್ತಿದ್ದರು. ಮೈಯೊಳಗಿನ ರಕ್ತವೆಲ್ಲ ಹೆಪ್ಪುಗಟ್ಟಿ ಏಡಿ ಸತ್ತಿತು. ಬ್ಯಾಕ್ಟೀರಿಯಾವನ್ನು ಕುದಿಸಿ, ಕೊಂದು ಚುಚ್ಚಿದರೂ ಅದೇ ಗತಿ. 1956ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಹೆಸರಿಗಷ್ಟೇ ಇದು ಏಡಿ. ನಂಟು ಜೇಡ, ಚೇಳುಗಳ ಜೊತೆ. ತಾಮ್ರವಿರುವ ಹಿಮೋಸಯನಿನ್‌ನಿಂದಾಗಿ ಇದರ ರಕ್ತ ನೀಲಿ. ಆ ರಕ್ತ ನಮ್ಮಲ್ಲಿಯಂತೆ ನಾಳದೊಳಗೇ ಉಳಿಯದೆ ಅಂಗಾಂಗಗಳ ಸುತ್ತಲೂ ಹರಿಯುತ್ತದೆ. ಚಿಪ್ಪು ಎಲ್ಲಾದರೂ ಸೀಳಿದರೆ ಬ್ಯಾಕ್ಟೀರಿಯಾ ತುಂಬಿದ ಸಮುದ್ರದ ನೀರು ನೇರ ಒಳಗೆ. ಇಷ್ಟಾಗಿ ಪ್ರತಿಕಾಯ ತಯಾರಿಸುವ ಶಕ್ತಿಯೂ ಇದಕ್ಕಿಲ್ಲ.

ಇರುವುದು ಅಮೀಬೊಸೈಟ್. ಏಡಿಯ ರಕ್ತದಲ್ಲಿ ಬಹುಪಾಲು ಈ ಒಂದೇ ಬಗೆಯ ಕೋಶ. ಅದರ ಒಡಲ ತುಂಬ ಪುಟ್ಟ ಪುಟ್ಟ ಚೀಲಗಳು, ಚೀಲಗಳ ತುಂಬ ಪ್ರೋಟೀನು. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೊಟಾಕ್ಸಿನ್ ಎಂಬ ವಸ್ತುವಿರುತ್ತದೆ. ಅದು ತಾಗಿದ್ದೇ ತಡ, ಚೀಲಗಳು ಒಳಗಿದ್ದುದನ್ನೆಲ್ಲ ಹೊರಚೆಲ್ಲುತ್ತವೆ. ಫ್ಯಾಕ್ಟರ್ ಸಿ ಎಂಬ ಕಿಣ್ವ ಚುರುಕಾಗಿ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಕೊಯಾಗುಲೋಜನ್ ಎಂಬ ಪ್ರೋಟೀನು ತುಂಡಾಗಿ, ಎಳೆಎಳೆಯಾಗಿ ಹೆಣೆದುಕೊಂಡು ಲೋಳೆ ಗಟ್ಟಿಯಾಗುತ್ತದೆ. ಬ್ಯಾಕ್ಟೀರಿಯಾ ಅಲ್ಲೇ ಸಿಕ್ಕಿಬೀಳುತ್ತವೆ. ಅವನ್ನು ಕೊಲ್ಲುವ ಪ್ರೋಟೀನುಗಳೂ ಅದೇ ಚೀಲಗಳಿಂದ ಬರುತ್ತವೆ. ಗಾಯವೂ ಮುಚ್ಚಿಹೋಗುತ್ತದೆ. ಗಾಯದ ಬಾಯಲ್ಲಿ ನಡೆಯಬೇಕಾದ ಈ ಕೆಲಸ ಇಡೀ ಮೈಯಲ್ಲಿ ನಡೆದದ್ದೇ ಬ್ಯಾಂಗ್ ಅವರ ಏಡಿಗೆ ಮುಳುವಾಯಿತು.

ಎಂಡೊಟಾಕ್ಸಿನ್ ಕುದಿಸಿದರೂ ಹೋಗದು. ಹಾಗಾಗಿ ಜೀವಂತ ರೋಗಾಣು ಒಂದೂ ಇಲ್ಲದ ಇಂಜೆಕ್ಷನ್ನಿನಿಂದಲೂ ಜ್ವರ ಬರಬಹುದು, ಪ್ರಾಣವೇ ಹೋಗಬಹುದು. ಹಿಂದೆ ಔಷಧವನ್ನು ಮೊಲಗಳಿಗೆ ಚುಚ್ಚಿ, ಜ್ವರ ಬರುತ್ತದೆಯೇ ಎಂದು ಕಾಯುತ್ತಿದ್ದರು. 1964ರಲ್ಲಿ ಬ್ಯಾಂಗ್ ಮತ್ತು ಜ್ಯಾಕ್ ಲೆವಿನ್, ಹೆಪ್ಪುಗಟ್ಟಿಸುವ ಸರಕೆಲ್ಲ ಅಮೀಬೊಸೈಟ್‌ನೊಳಗೇ ಇದೆಯೆಂದು ತೋರಿಸಿದರು. ಕೋಶಗಳನ್ನು ಒಡೆದು ತೆಗೆದ ರಸಕ್ಕೆ ಔಷಧ ಬೆರೆಸುವುದು. ಗಟ್ಟಿಯಾದರೆ ಆ ಔಷಧ ಬೇಡ. ಲಸಿಕೆಯಿಂದ ಸಲೈನ್‌ವರೆಗೆ ಈ ಪರೀಕ್ಷೆಯೇ ರೂಢಿಗೆ ಬಂತು.

ಇದಕ್ಕಾಗಿ ಅಮೆರಿಕದಲ್ಲಿ ಪ್ರತಿವರ್ಷ ಲಕ್ಷಾಂತರ ಏಡಿಗಳನ್ನು ಹಿಡಿದು, ರಕ್ತ ಬಸಿದು, ಮತ್ತೆ ಕಡಲಿಗೆ ಬಿಡುತ್ತಾರೆ. ಎಲ್ಲವೂ ಬದುಕುವುದಿಲ್ಲ. ಇದರ ಎರಡು ದಾಯಾದಿ ಪ್ರಭೇದಗಳು ನಮ್ಮ ಒಡಿಶಾ ಕರಾವಳಿಯಲ್ಲೂ ಇವೆ. ಸಿಂಗಪುರದ ವಿಜ್ಞಾನಿಗಳು ಏಡಿಯ ರಕ್ತವಿಲ್ಲದೆಯೇ ಫ್ಯಾಕ್ಟರ್ ಸಿ ತಯಾರಿಸುವ ದಾರಿ ತೋರಿಸಿ ದಶಕಗಳಾದವು. ಯುರೋಪಿನ ಔಷಧಕೋಶ 2021ರಿಂದ ಈ ಪರೀಕ್ಷೆಗೆ ಅದನ್ನು ಒಪ್ಪಿದೆ. ಇನ್ನೂ ಏಡಿಯ ರಕ್ತವೇ ಬೇಕೆನ್ನುವುದಕ್ಕೆ ಹಳೇ ರೂಢಿಯ ಹೊರತು ಬಲವಾದ ಕಾರಣ ನನಗಂತೂ ಕಾಣದು.