ಕೊಡುವ ಬೆಲೆ, ಬಾಳುವ ಬೆಲೆ

ಅಂಗಡಿಗೆ ಹೋಗಿ ಬಂದವರನ್ನು ಮನೆಯವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಕೊಟ್ಟಿರಿ?" ಎಂಬುದು. ಉತ್ತರವನ್ನು ಕೇಳಿದ ಮೇಲೆ ಪದಾರ್ಥವನ್ನು ಕೈಗೆ ತೆಗೆದುಕೊಂಡು, ಹಿಂದುಮುಂದಾಗಿ ತಿರುಗಿಸಿ ನೋಡಿ, "ಅಷ್ಟು ಬಾಳುವುದಿಲ್ಲ" ಎಂದೋ "ಪರವಾಗಿಲ್ಲ, ಬಾಳುತ್ತದೆ" ಎಂದೋ ತೀರ್ಪು ಕೊಡುವುದು ವಾಡಿಕೆ. ಕೊಟ್ಟದ್ದು ಬೆಲೆ, ಬಾಳುವುದು ಮೌಲ್ಯ. ಕನ್ನಡದಲ್ಲಿ ಬಾಳು ಎಂದರೆ ಬದುಕು. ಬಾಳಿಕೆ ಎಂದರೆ ಬಹುಕಾಲ ಉಳಿಯುವ ಗುಣ. ಬೆಲೆ ಬಾಳುವುದೆಂದರೆ ಆ ಬೆಲೆಗೆ ತಕ್ಕ ಯೋಗ್ಯತೆಯುಳ್ಳದ್ದೆಂದು ತಾತ್ಪರ್ಯ. ಪದಾರ್ಥದ ಯೋಗ್ಯತೆಯನ್ನೂ ಅದರ ಆಯುಸ್ಸನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ನಮ್ಮ ಹಿರಿಯರು ವ್ಯಾಪಾರವನ್ನು ಬಲ್ಲವರೇ ಆಗಿದ್ದಿರಬೇಕು.

ಈ ಭೇದವನ್ನು ಶಾಸ್ತ್ರರೀತಿಯಿಂದ ಚರ್ಚಿಸಿದವರಲ್ಲಿ ಸ್ಕಾಟ್ಲೆಂಡಿನ ಆಡಂ ಸ್ಮಿತ್ ಪ್ರಮುಖನು. 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ನೀರನ್ನೂ ವಜ್ರವನ್ನೂ ಹೋಲಿಸಿ, ಪ್ರಾಣಾಧಾರವಾದ ನೀರು ಅಗ್ಗವಾಗಿಯೂ ಅಲಂಕಾರಮಾತ್ರವಾದ ವಜ್ರವು ತುಟ್ಟಿಯಾಗಿಯೂ ಇರುವುದನ್ನು ತೋರಿಸಿದನು. ಈ ಒಗಟು ಬಿಡಿಸಲು ಹೆಚ್ಚುಕಡಮೆ ನೂರು ವರ್ಷ ಹಿಡಿಯಿತು. 1871ರಲ್ಲಿ ಇಂಗ್ಲೆಂಡಿನ ಜೆವನ್ಸನೂ ಆಸ್ಟ್ರಿಯದ ಮೆಂಗರನೂ ಬೇರೆಬೇರೆಯಾಗಿ ಕೊಟ್ಟ ಉತ್ತರದ ಸಾರ ಇಷ್ಟೆ: ನಾವು ಹಣ ತೆರುವುದು ಲೋಕದಲ್ಲಿರುವ ನೀರೆಲ್ಲಕ್ಕೂ ಅಲ್ಲ, ಈಗ ಬೇಕಾದ ಇನ್ನೊಂದು ಕೊಡಕ್ಕೆ ಮಾತ್ರ. ಕೊಡಗಳು ಹಲವಿರುವಾಗ ಇನ್ನೊಂದಕ್ಕೆ ಬೆಲೆಯಿಲ್ಲ. ಒಂದೂ ಇಲ್ಲದಾಗ ಬೆಲೆಗೆ ಮಿತಿಯಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರವೇರಿ, ಕಡೆಗೆ ಜಿಲ್ಲಾಡಳಿತವೇ ದರವನ್ನು ನಿಗದಿ ಮಾಡಬೇಕಾಯಿತು. ನೀರಿನ ಗುಣದಲ್ಲಿ ಏನೂ ಬದಲಾಗಿರಲಿಲ್ಲ. ಆದುದರಿಂದ ಬೆಲೆಯೆಂಬುದು ಪದಾರ್ಥದ ಒಳಗಿರುವ ಗುಣವಲ್ಲ. ಆ ಹೊತ್ತಿನ ಕೊರತೆಯ ಅಳತೆ. ಅದನ್ನು ಗುಣದ ಅಳತೆಯೆಂದು ಭ್ರಮಿಸಿದಲ್ಲಿಯೇ ಕೊಳ್ಳುವವನಿಗೆ ನಷ್ಟ ಆರಂಭವಾಗುತ್ತದೆ.

ರೇಷ್ಮೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮದುವೆಯ ಜವಳಿಯಲ್ಲಿ ಮಧ್ಯಮ ವರ್ಗದ ಮನೆಯ ಹಣ ಕರಗುವುದು ಬಹುಮಟ್ಟಿಗೆ ಇಲ್ಲಿಯೇ. ಗೂಡಿನಿಂದ ಬಿಚ್ಚಿದ ನೂಲಿನ ಮೇಲೆ ಸ್ವಾಭಾವಿಕವಾದ ಒಂದು ಅಂಟು ಇರುತ್ತದೆ. ಸಾಬೂನಿನ ನೀರಿನಲ್ಲಿ ಕುದಿಸಿ ಅದನ್ನು ಕಳೆದ ಹೊರತು ರೇಷ್ಮೆಗೆ ಹೊಳಪೂ ಮೃದುತ್ವವೂ ಬರುವುದಿಲ್ಲ. ಹೀಗೆ ಕಳೆದಾಗ ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ. ತೂಕದ ಮೇಲೆ ವ್ಯಾಪಾರ ಮಾಡುವವನಿಗೆ ಇದು ನುಂಗಲಾರದ ತುತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಬಣ್ಣಗಾರರು ಇದಕ್ಕೊಂದು ಉಪಾಯ ಹೂಡಿದರು. ತವರದ ಲವಣಗಳ ದ್ರಾವಣದಲ್ಲಿ ರೇಷ್ಮೆಯನ್ನು ಅದ್ದಿ, ಹೋದ ತೂಕವನ್ನು ತುಂಬಿಕೊಂಡರು. ಕೆಲವರು ಅಷ್ಟಕ್ಕೇ ನಿಲ್ಲದೆ ಮೂಲದ ತೂಕಕ್ಕಿಂತಲೂ ಮೇಲಕ್ಕೇರಿಸಿದರು. ಆ ಬಟ್ಟೆ ಕೈಗೆ ಭಾರವಾಗಿತ್ತು. ನಡೆದರೆ ಸರಸರನೆ ಸದ್ದು ಮಾಡುತ್ತಿತ್ತು. ನೆರಿಗೆ ಸೊಗಸಾಗಿ ಇಳಿಬೀಳುತ್ತಿತ್ತು. ಅಂಗಡಿಯಲ್ಲಿ ಮುಟ್ಟಿ ನೋಡಿದವರಿಗೆ ಇದೇ ಉತ್ತಮವಾದ ರೇಷ್ಮೆಯೆಂದು ತೋರಿದುದರಲ್ಲಿ ಆಶ್ಚರ್ಯವೇನು? ಆದರೆ ಆ ಲವಣವೇ ಒಳಗಿನಿಂದ ಎಳೆಯನ್ನು ತಿನ್ನುತ್ತಿತ್ತು. ಕೆಲವು ವರ್ಷಗಳಲ್ಲಿ ಮಡಿಕೆಯ ಗೆರೆಯುದ್ದಕ್ಕೂ ಬಟ್ಟೆ ಸೀಳುತ್ತಿತ್ತು. ಆ ಕಾಲದ ಎಷ್ಟೋ ನಿಲುವಂಗಿಗಳು ಪಾಶ್ಚಾತ್ಯ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಚಿಂದಿಚಿಂದಿಯಾಗಿ ಕಾಣುತ್ತವೆ.

ಇಲ್ಲಿ ನಡೆದುದನ್ನು ಸ್ವಲ್ಪ ಗಮನಿಸಬೇಕು. ಒಳ್ಳೆಯ ರೇಷ್ಮೆಗೆ ಭಾರವು ಒಂದು ಗುರುತಾಗಿತ್ತು. ಕೊಳ್ಳುವವರು ಗುರುತಿಗೇ ಹಣ ಕೊಡಲಾರಂಭಿಸಿದರು. ವರ್ತಕನು ಗುಣವನ್ನು ಬಿಟ್ಟು ಗುರುತನ್ನೇ ತಯಾರಿಸಿ ಮಾರಿದನು.

ಮೈಸೂರಿನಲ್ಲಿ ಸರ್ಕಾರದ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸ್ವಿಟ್ಜರ್‌ಲೆಂಡಿನಿಂದ ತರಿಸಿದ 32 ಮಗ್ಗಗಳೊಡನೆ ಆರಂಭವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. ಅಲ್ಲಿನ ಸೀರೆಯ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿಯೂ 0.65 ಭಾಗ ಚಿನ್ನವೂ ಇರುವುದೆಂದು ನಿಗಮವು ಪ್ರಕಟಿಸಿದೆ. ಇದರ ಪಕ್ಕದಲ್ಲಿ, ತಾಮ್ರದ ತಂತಿಗೆ ಬೆಳ್ಳಿ ಲೇಪಿಸಿದ ಜರಿಯನ್ನೋ ಲೋಹದ ಬಣ್ಣವೇರಿಸಿದ ಪ್ಲಾಸ್ಟಿಕ್ ಎಳೆಯನ್ನೋ ಇಟ್ಟರೆ ಅಂಗಡಿಯ ದೀಪದಡಿಯಲ್ಲಿ ಮೂರೂ ಒಂದೇ ಸಮನಾಗಿ ಹೊಳೆಯುತ್ತವೆ. ವ್ಯತ್ಯಾಸ ತಿಳಿಯುವುದು ಬಹಳ ವರ್ಷಗಳ ಮೇಲೆ, ಹಳೆಯ ಜರಿ ಕೊಳ್ಳುವವನು ಬಾಗಿಲಿಗೆ ಬಂದಾಗ. ಸೀರೆ ಹರಿದಿದ್ದರೂ ಬೆಳ್ಳಿಯ ಜರಿಗೆ ಅವನು ತೂಕದ ಮೇಲೆ ಹಣವೆಣಿಸುತ್ತಾನೆ. ಉಳಿದವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ಮಗಳ ಮದುವೆಯ ಸೀರೆಯನ್ನು ಮುಂದೆ ಕರಗಿಸುವ ಲೆಕ್ಕದಿಂದ ಕೊಳ್ಳುವವರು ಯಾರಿದ್ದಾರೆ? ಉಡುವ ಸುಖವೊಂದು, ಮಾರಿದರೆ ಬರುವ ಹಣವೊಂದು, ನೆನಪಿನ ಬೆಲೆಯೊಂದು. ಒಂದೇ ಸೀರೆಯಲ್ಲಿ ಇವು ಮೂರೂ ಬೇರೆಬೇರೆಯಾಗಿ ನಿಂತಿವೆ. ಮೂರನೆಯದನ್ನು ನೆನೆಯಿಸಿ ಮೊದಲ ಎರಡನ್ನು ಮರೆಸುವುದರಲ್ಲಿ ಜವಳಿ ಅಂಗಡಿಯವರ ಜಾಣತನವಿದೆ.

ರೇಷ್ಮೆಯೇ ಹೌದೋ ಅಲ್ಲವೋ ಎಂಬುದನ್ನು ಮನೆಯಲ್ಲಿಯೂ ನೋಡಬಹುದು. ಅಂಚಿನಿಂದ ನಾಲ್ಕು ಎಳೆ ತೆಗೆದು ಉರಿಗೆ ಹಿಡಿದರೆ, ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಷ್ಟು ಶ್ರಮವಿಲ್ಲದವರಿಗೆ ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ಜಾರಿಗೆ ತಂದ ಸಿಲ್ಕ್ ಮಾರ್ಕ್ ಮುದ್ರೆಯುಂಟು. ಆದರೆ ಆ ಮುದ್ರೆಯು ನೂಲು ಶುದ್ಧ ರೇಷ್ಮೆಯೆಂದಷ್ಟೇ ಸಾಕ್ಷಿ ಹೇಳುತ್ತದೆ. ಕೇಳಿದ ಬೆಲೆ ನ್ಯಾಯವೇ ಎಂಬುದನ್ನು ಅದು ಹೇಳುವುದಿಲ್ಲ. ಹೇಳಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

ಇನ್ನು ರಿಯಾಯಿತಿಯ ಮಾತು. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಯು ಅದಕ್ಕಿಂತ ಹೆಚ್ಚು ಕೇಳಬಾರದೆಂಬ ಗಡಿಯಷ್ಟೆ. ಆ ಗಡಿಯನ್ನು ಬರೆಯುವವನು ತಯಾರಕನೇ. ಗೆರೆ ಹೊಡೆದ 2,000ದ ಕೆಳಗೆ 1,200 ಎಂದು ಕಂಡಾಗ ನಮಗೆ 800 ಉಳಿಯಿತೆಂಬ ಸಂತೋಷವುಂಟಾಗುತ್ತದೆ; ಪದಾರ್ಥವು 1,200 ಬಾಳುತ್ತದೆಯೇ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಹಾಗೆಂದು ಹೆಚ್ಚು ಬೆಲೆಯದೇ ಉತ್ತಮವೆಂದು ನಾನು ಹೇಳುತ್ತಿಲ್ಲ. 24,000 ರೂಪಾಯಿಯ ಸೀರೆಯನ್ನು ವರ್ಷಕ್ಕೆರಡು ಸಲದಂತೆ ಇಪ್ಪತ್ತು ವರ್ಷ ಉಟ್ಟರೆ ಒಂದು ಸಲಕ್ಕೆ 600 ಬಿತ್ತು. 4,000ದ ಸೀರೆ ಐದು ಸಲಕ್ಕೆ ಬಣ್ಣಗೆಟ್ಟರೆ ಸಲಕ್ಕೆ 800 ಆಯಿತು. ಆದರೆ ಅದೇ 24,000ದ ಸೀರೆಯನ್ನು ಎರಡೇ ಸಲ ಉಟ್ಟು ಪೆಟ್ಟಿಗೆಯಲ್ಲಿಟ್ಟರೆ ಸಲಕ್ಕೆ 12,000! ಸೀರೆ ಬದಲಾಗಲಿಲ್ಲ, ಉಡುವವರ ರೂಢಿ ಬದಲಾಯಿತು. ಹೀಗಾಗಿ ಮೌಲ್ಯದ ಅರ್ಧಭಾಗ ಪದಾರ್ಥದಲ್ಲಿದ್ದರೆ ಇನ್ನರ್ಧ ಕೊಳ್ಳುವವರ ಮನೆಯಲ್ಲಿದೆ. ಅದನ್ನು ಅಂಗಡಿಯವನು ತಿಳಿಯಲಾರ.

ಲೆಕ್ಕ ಇದಕ್ಕಿಂತ ಸ್ಪಷ್ಟವಾಗಿ ಸಿಕ್ಕುವುದು ವಿದ್ಯುದ್ದೀಪದಲ್ಲಿ. 60 ವಾಟಿನ ಹಳೆಯ ತಂತಿಯ ಬಲ್ಬಿನ ಆಯುಸ್ಸು ಸುಮಾರು 1,000 ಗಂಟೆ. ಅಷ್ಟರಲ್ಲಿ ಅದು 60 ಯೂನಿಟ್ ವಿದ್ಯುತ್ತನ್ನು ನುಂಗುತ್ತದೆ. ಸುಮಾರಾಗಿ ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿ ದೀಪಕ್ಕೆ 9 ಯೂನಿಟ್ ಸಾಕು. ಯೂನಿಟ್ಟಿಗೆ 6 ರೂಪಾಯಿಯೆಂದು ಇಟ್ಟುಕೊಂಡರೆ 306 ರೂಪಾಯಿಗಳ ವ್ಯತ್ಯಾಸ; ಬಲ್ಬಿನ ಬೆಲೆ ಇದರ ಮುಂದೆ ಏನೂ ಅಲ್ಲ. ಆದರೂ ಬಡವರ ಮನೆಗಳಲ್ಲಿ ಬಹುಕಾಲ ಉರಿದದ್ದು ಹಳೆಯ ಬಲ್ಬೇ. ಇದನ್ನು ಅವಿವೇಕವೆನ್ನುವುದು ಸುಲಭ, ಆದರೆ ಅನ್ಯಾಯ. ದಿನಗೂಲಿಯವನ ಕೈಯಲ್ಲಿ ಆ ದಿನ ಇದ್ದುದು ಅಗ್ಗದ ಬಲ್ಬಿಗೆ ಸಾಲುವ ಹಣ ಮಾತ್ರ; ಹೆಚ್ಚಿನ ಹಣವನ್ನು ಅವನು ತಿಂಗಳು ತಿಂಗಳೂ ವಿದ್ಯುತ್ ಬಿಲ್ಲಿನಲ್ಲಿ ತೆತ್ತನು. ಈ ತೊಡಕನ್ನು ಅರಿತೇ, 2015ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಉಜಾಲಾ ಯೋಜನೆಯಲ್ಲಿ, ಎಲ್‌ಇಡಿ ದೀಪಗಳನ್ನು ಕಡಮೆ ದರಕ್ಕೆ ಹಂಚುವುದರೊಡನೆ, ಕೆಲವು ಕಡೆ ಆ ದರವನ್ನೂ ವಿದ್ಯುತ್ ಬಿಲ್ಲಿನ ಜೊತೆಗೆ ಸಣ್ಣ ಕಂತುಗಳಲ್ಲಿ ತೀರಿಸುವುದಕ್ಕೆ ಅವಕಾಶ ಮಾಡಿಕೊಡಲಾಯಿತು.