ಹಳೆಯ ಕಳೆ ಕೊಚ್ಚುವ ಯಂತ್ರ: ಸಮನಾದ ಕಟಾವಿಗೆ ಅನುಸರಿಸಬೇಕಾದ ಕ್ರಮಗಳು

ಮಳೆಗಾಲ ಹಿಂದೆ ಸರಿದೊಡನೆ ಸಿದ್ದಾಪುರ ತಾಲೂಕಿನ ಶಾಲಾ ಮೈದಾನ, ಅಂಗನವಾಡಿ ಆವರಣ ಹಾಗೂ ಕಾಲುದಾರಿಗಳಲ್ಲಿ ಹುಲ್ಲು ಎತ್ತರಕ್ಕೆ ಬೆಳೆದಿರುತ್ತದೆ. ಇಳಿಜಾರು ನೆಲದ ಈ ಭಾಗದಲ್ಲಿ ಕುಳಿತು ನಡೆಸುವ ಯಂತ್ರಕ್ಕಿಂತ, ಅಡಿಕೆ ತೋಟಗಳಲ್ಲಿ ಬಳಸುವ, ಹೆಗಲಿಗೆ ತೂಗುಹಾಕುವ ಪೆಟ್ರೋಲ್ ಯಂತ್ರವೇ ಅನುಕೂಲಕರ. ಕಟಾವು ಏರುಪೇರಾಯಿತೆಂದು ಹಳೆಯ ಯಂತ್ರವನ್ನು ಮೂಲೆಗೆ ಸರಿಸುವ ಮುನ್ನ ಸದಸ್ಯರು ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

ಅಲಗು: ಏರುಪೇರಿನ ಕಟಾವಿಗೆ ಮೊಂಡಾದ ಅಥವಾ ಬಾಗಿದ ಅಲಗು ಪ್ರಮುಖ ಕಾರಣ. ಎಲ್ಲ ಅಂಚುಗಳನ್ನೂ ಒಂದೇ ಪ್ರಮಾಣದಲ್ಲಿ ಅರದಿಂದ ಹರಿತಗೊಳಿಸಬೇಕು. ಒಂದು ಬದಿ ಹೆಚ್ಚು ಸವೆದರೆ ತೂಕ ತಪ್ಪಿ ಯಂತ್ರ ನಡುಗುತ್ತದೆ. ಬಿರುಕು ಬಿಟ್ಟ ಅಲಗನ್ನು ಬೆಸುಗೆ ಹಾಕಿಸದೆ ಬದಲಿಸತಕ್ಕದ್ದು. ನೈಲಾನ್ ದಾರ ಬಳಸುವುದಾದರೆ ಎರಡೂ ತುದಿಗಳು ಸಮ ಉದ್ದವಿರಬೇಕು.

ಎಂಜಿನ್: ಎರಡು ಸ್ಟ್ರೋಕ್ ಎಂಜಿನ್‌ಗೆ ತಯಾರಕರು ಸೂಚಿಸಿದ ಪ್ರಮಾಣದಲ್ಲಿಯೇ ಎಣ್ಣೆ ಬೆರೆಸಬೇಕು. 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಎಣ್ಣೆ ಸಾಕು. ನಾಲ್ಕು ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬಾರದು. ಗಾಳಿ ಶೋಧಕದಲ್ಲಿ ಧೂಳು ಕಟ್ಟಿದರೆ ವೇಗ ಕುಸಿದು, ಹುಲ್ಲು ಕತ್ತರಿಸುವ ಬದಲು ಮಲಗಿಬಿಡುತ್ತದೆ. ಅಲಗಿನ ಬಳಿಯ ಗೇರ್ ಪೆಟ್ಟಿಗೆಗೆ ಕಾಲಕಾಲಕ್ಕೆ ಗ್ರೀಸ್ ತುಂಬಬೇಕು. ದೀರ್ಘಕಾಲ ಬಳಸದಿದ್ದಲ್ಲಿ ಟ್ಯಾಂಕ್ ಬರಿದು ಮಾಡಿ, ಅಲಗಿಗೆ ಎಣ್ಣೆ ಸವರಿ, ತೇವವಿಲ್ಲದ ಸ್ಥಳದಲ್ಲಿ ಇಡತಕ್ಕದ್ದು.

ಬಳಕೆ: ಅಲಗು ನೆಲಕ್ಕೆ ಸಮಾನಾಂತರವಾಗಿರುವಂತೆ ಹೆಗಲ ಪಟ್ಟಿಯನ್ನು ಹೊಂದಿಸಬೇಕು. ಮೊದಲು ಕಲ್ಲು, ತಂತಿ ಹೆಕ್ಕಿ ತೆಗೆಯಬೇಕು. ಕನ್ನಡಕ, ಬೂಟು ಕಡ್ಡಾಯ. 15 ಮೀಟರ್ ಒಳಗೆ ಯಾರೂ ಇರಬಾರದು. ಶಾಲಾ ಆವರಣದಲ್ಲಿ ಮಕ್ಕಳಿಲ್ಲದ ವೇಳೆಯಲ್ಲಿಯೇ ಕೆಲಸ ನಡೆಸತಕ್ಕದ್ದು. ಎಂಜಿನ್ ನಿಧಾನಗತಿಯಲ್ಲಿರುವಾಗಲೂ ಅಲಗು ತಿರುಗುತ್ತಿದ್ದರೆ ದುರಸ್ತಿಯಾಗುವವರೆಗೆ ಯಂತ್ರವನ್ನು ಬಳಸಬಾರದು.

ಈ ಕಾರ್ಯಕ್ಕೆ ಆರೋಗ್ಯದ ನೆಲೆಯೂ ಇದೆ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ನಮ್ಮ ತಾಲೂಕನ್ನೂ ಬಾಧಿಸಿದೆ. ಹುಲ್ಲು ಕೊಚ್ಚಿದ ಮಾತ್ರಕ್ಕೆ ರೋಗ ತಪ್ಪದು. ಆದರೆ ಜನ ನಡೆದಾಡುವ ದಾರಿ ಸ್ವಚ್ಛವಾಗಿದ್ದರೆ ಉಣುಗು ಮೈಗೆ ಹತ್ತುವ ಸಂಭವ ಕಡಿಮೆ. ಕೆಲಸಗಾರರು ತುಂಬು ತೋಳಿನ ಉಡುಪು ಧರಿಸಿ, ಕೆಲಸ ಮುಗಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಮಂಗ ಸತ್ತಿರುವುದು ಕಂಡಲ್ಲಿ ಕೆಲಸ ನಿಲ್ಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು.

ಪ್ರತಿ ಯಂತ್ರಕ್ಕೂ ಒಂದು ವಹಿ ಇರಿಸಿ, ಬಳಸಿದ ಗಂಟೆ, ಗ್ರೀಸ್ ತುಂಬಿದ ದಿನ, ಅಲಗು ಬದಲಿಸಿದ ದಿನ ನಮೂದಿಸಿದರೆ, ದುರಸ್ತಿ ಲೇಸೋ ಹೊಸ ಖರೀದಿ ಲೇಸೋ ಎಂಬುದನ್ನು ಸಾಮಾನ್ಯ ಸಭೆಯಲ್ಲಿ ಆಧಾರಸಹಿತ ತೀರ್ಮಾನಿಸಬಹುದು. ಸದಸ್ಯರು ತಮ್ಮ ಪಂಚಾಯತಿಯ ಯಂತ್ರವನ್ನು ಈ ಹಂಗಾಮಿಗೆ ಮುನ್ನವೇ ಒಮ್ಮೆ ಖುದ್ದಾಗಿ ಪರಿಶೀಲಿಸಬೇಕಾಗಿ ಕೋರಿದೆ.